ಐದು ಸೆಂಟಿಮೀಟರಿನ ಗೇಟು

೮ ಜೂನ್

ಅಪ್ಪನಿಗೆ,

ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ. ಕೆಳಗಿನ ಕೋಣೆಯಲ್ಲಿ ತಗಡಿನ ಮೇಲೆ ಸುತ್ತಿಗೆ ಬಿದ್ದ ಸದ್ದಿಗೆ ಎದ್ದೆ. ಎದ್ದೆ ಎನ್ನುವುದೂ ದೊಡ್ಡ ಮಾತೇ. ಮಗು ಕಣ್ಣು ಮುಚ್ಚಿದ್ದೇ ಮೂರೂವರೆಗೆ. ನಾನು ಮುಚ್ಚಿದ್ದೆನೋ ಇಲ್ಲವೋ ನೆನಪಿಲ್ಲ. ಮೊದಲು ಒಂದೇ ಏಟು. ಸ್ವಲ್ಪ ಬಿಡುವು. ಆಮೇಲೆ ಎಣಿಸಲಾಗದಷ್ಟು, ಹಾವು ಬಡಿಯುವವರ ಹಾಗೆ.

"ಲೇತಣ್ಣ ಇರ್ಬೇಕು, ಮಲ್ಕೋ," ಎಂದು ನಿನ್ನ ಅಳಿಯ ಮಗ್ಗುಲು ತಿರುಗಿದರು. ಭೂಕಂಪವಾದರೂ ಅವರಿಗೆ 'ಲೇತಣ್ಣ ಇರ್ಬೇಕು'. ನಾನು ಎದೆ ಹಿಡಿದುಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದೆ.

ಈ ಸಂಘದ ವಿಷಯ ಹೇಳಲು ಹೊರಟಾಗಲೇ ಅಲ್ಲವೇ ಫೋನಿನಲ್ಲಿ ನಮಗೆ ಜಗಳವಾದದ್ದು. "ನೀನು ಅಳ್ತೀಯ, ನಾನು ಕಿರುಚ್ತೀನಿ. ಏನಿದ್ರೂ ಬರಿ, ಫೋನ್ ಮಾಡ್ಬೇಡ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಸರಿ, ಬರೆಯುತ್ತಿದ್ದೇನೆ. ಅರ್ಧಕ್ಕೆ ಮಡಚಿಡದೆ ಪೂರ್ತಿ ಓದು.

ನಾವು ಬಾಡಿಗೆಗಿರುವ ಮನೆಯ ಕೆಳಗಿನ ಉದ್ದ ಕೋಣೆಯಲ್ಲಿ ಸಂಘ ಇಪ್ಪತ್ತು ವರ್ಷದಿಂದ ನಡೆಯುತ್ತಿದೆ. ದೊಡ್ಡದನ್ನು ಅಳೆದು ಪುಟ್ಟದಾಗಿ ಮಾಡುವ ಕೆಲಸ: ಸೇತುವೆ, ಹಡಗು, ರೈಲು ನಿಲ್ದಾಣ. ಊರಿನವರು ಗೊಂಬೆ ಸಂಘ ಎಂದು ನಗುತ್ತಾರೆ. ಮೊದಲು ನಡೆಸುತ್ತಿದ್ದವರು ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಕಣ್ಣಿನ ಪೊರೆ ಬಂದ ಮೇಲೆ, "ಕಾಲೇಜಲ್ಲಿ ಡ್ರಾಯಿಂಗ್ ಕಲಿತವಳು, ಹೇಗೂ ರಾತ್ರಿಯೆಲ್ಲ ಎದ್ದಿರ್ತೀಯ, ಈ ದೆವ್ವಗಳನ್ನ ನೀನೇ ಕಾಯಿ" ಎಂದು ಬೀಗದ ಕೈ ನನಗೆ ಕೊಟ್ಟರು. ನಾನೀಗ ಕಾರ್ಯದರ್ಶಿ. ಉಳಿದ ಸದಸ್ಯರು ಮೇಷ್ಟ್ರು, ಪೇಪರ್ ವ್ಯಾನ್ ಓಡಿಸುವ ಯಜಮಾನರು, ನಿನ್ನ ಅಳಿಯ, ಮತ್ತೆ ಈ ಲೇತಣ್ಣ. ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷ ನಿಂತವರು. ಬೆಳಿಗ್ಗೆ ಆರರ ಪಾಳಿಗೆ ಮುಂಚೆ ತಮ್ಮದೇ ಕೀಲಿಯಿಂದ ತೆರೆದು ಕೆಲಸ ಮಾಡುತ್ತಾರೆ.

ಇವತ್ತು ಒಡೆಯುತ್ತಿದ್ದದ್ದು ತಾವೇ ಮೂರು ವಾರ ಕೂತು ಮಾಡಿದ ನೀರಿನ ಟ್ಯಾಂಕನ್ನು. ಹೆಬ್ಬೆರಳು ಸೀಳಿ ರಕ್ತ ಮೇಜಿನ ಮೇಲೆ ಹನಿಯುತ್ತಿತ್ತು.

"ಎರಡು ಮಿಲ್ಲಿಮೀಟರ್ ಎತ್ತರ ಬಂದಿದೆ," ಎಂದರು.

"ಅರದಲ್ಲಿ ಉಜ್ಜಿ ಸರಿ ಮಾಡಬಹುದಿತ್ತಲ್ಲ ಲೇತಣ್ಣ."

"ಉಜ್ಜಿ ಸರಿ ಮಾಡಿದ್ದು ಸುಳ್ಳು ತಂಗಿ. ಒಡೆದು ಮಾಡಿದ್ದು ನಿಜ." ಮಗು ಅವರನ್ನು ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವರು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಇಲ್ಲಿ ಒಂದು ಕಟ್ಟುನಿಟ್ಟು ಇದೆ ಅಪ್ಪ. ಯಾವುದನ್ನೂ ಅಂದಾಜಿನಲ್ಲಿ ಮಾಡುವಂತಿಲ್ಲ. ಅಳೆದಿರಬೇಕು, ಇಲ್ಲವೇ ಮುಟ್ಟಿದವರು, ಕಂಡವರು ಹೇಳಿರಬೇಕು. ಇಬ್ಬರು ಸೈ ಎನ್ನುವವರೆಗೆ ಯಾವ ತುಂಡಿಗೂ ಗೋಂದು ಬೀಳುವುದಿಲ್ಲ, ಗುಂಡುಪಿನ್ನಿನ ಮೇಲೇ ನಿಂತಿರುತ್ತದೆ.

ಈಗ ಮಾಡುತ್ತಿರುವುದು ನೂಲಿನ ಗಿರಣಿ. ಹೌದು, ಅದೇ ಗಿರಣಿ. ಉಳಿದಿರುವ ಗೋಡೆಗಳನ್ನೂ ಈ ವರ್ಷ ಕೆಡವುತ್ತಾರೆ. ಬೆಂಕಿಗೆ ಇಪ್ಪತ್ತೆರಡು ವರ್ಷ ತುಂಬುವ ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ನಮ್ಮ ಮಾದರಿಯನ್ನು ಗ್ರಂಥಾಲಯದ ಹಜಾರದಲ್ಲಿ ಇಡಬೇಕು. ಐವತ್ತು ಅಡಿ ಅಲ್ಲಿದ್ದರೆ ಇಲ್ಲಿ ಒಂದು ಅಡಿ. ಎಲ್ಲಕ್ಕೂ ಅಳತೆ ಸಿಕ್ಕಿದೆ. ಹಿಂದಿನ ಗೇಟಿಗೆ ಮಾತ್ರ ಸಾಕ್ಷಿ ಸಿಕ್ಕಿಲ್ಲ. ಆ ಗೇಟಿನ ಹತ್ತಿರ ಸತ್ತ ಹನ್ನೊಂದು ಜನ ಹೇಳಲಾರರು. ಹಿಂದೆ ಇದ್ದು ಬದುಕಿದವರಿಗೆ ಹೊಗೆಯಲ್ಲಿ ಗೇಟೇ ಕಂಡಿರಲಿಲ್ಲ. ಮುಟ್ಟಿದವನು ಇನ್ನೊಬ್ಬನೇ, ಅದರ ಕಾವಲುಗಾರ.

ನಾನು ಆ ಕಾವಲುಗಾರನ ಮಗಳೆಂದು ಇಲ್ಲಿ ನಿನ್ನ ಅಳಿಯನ ಹೊರತು ಯಾರಿಗೂ ಗೊತ್ತಿಲ್ಲ. ಐದು ವರ್ಷದವಳಾಗಿ ಊರು ಬಿಟ್ಟವಳನ್ನು ಯಾರು ಗುರುತು ಹಿಡಿಯುತ್ತಾರೆ? ವರ್ಗಾವಣೆಯ ಗಂಡನ ಹೆಂಡತಿ, ಅಷ್ಟೇ. ಲೇತಣ್ಣನ ತಮ್ಮ ಆ ಹನ್ನೊಂದರಲ್ಲಿ ಒಬ್ಬ.

ಎರಡೇ ಪ್ರಶ್ನೆ. ಗೇಟು ಯಾವ ಕಡೆ ತೆರೆಯುತ್ತಿತ್ತು? ಬೀಗ ಹಾಕಿತ್ತೇ?

ನಿನ್ನ,
ಗುಬ್ಬಿ


೨೧ ಜೂನ್

ಮಗಳಿಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ಕಾಲು ನೋವು ಹಾಗೇ ಇದೆ. ಲಾಡ್ಜಿನಲ್ಲಿ ರಾತ್ರಿ ಕಾವಲು ನನಗೇ ಇರಲಿ ಎಂದು ಕೇಳಿಕೊಂಡಿದ್ದೇನೆ. ಹಗಲು ಜನ ಜಾಸ್ತಿ.

ನೀನು ಕೇಳಿದ್ದಕ್ಕೆ ಉತ್ತರ ಇಲ್ಲ. ಹುಲಿಯ ಬಾಯಿಗೆ ತಲೆ ಕೊಟ್ಟು ಹಲ್ಲು ಎಷ್ಟಿದೆ ಅಂತ ಎಣಿಸುವವರು ಉಂಟೇ? ಬಾಯಿಗೆ ಬೀಗ ಹಾಕಿಕೊಂಡು ಆ ಊರಿನಲ್ಲಿ ಇರುವಷ್ಟು ದಿನ ಇರು. ಅಳಿಯಂದಿರಿಗೆ ಬೇರೆ ಕಡೆ ವರ್ಗ ಕೇಳಲು ಹೇಳು. ಆ ಲೇತಿನವನ ಕೈಗೆ ಮಗುವನ್ನು ಕೊಡಬೇಡ.

ಮಗುವಿಗೆ ರಾತ್ರಿ ನಿದ್ದೆ ಬಾರದಿದ್ದರೆ ಅಂಗಾಲು ಉಜ್ಜು. ನಿನಗೂ ಹಾಗೇ ಮಾಡುತ್ತಿದ್ದೆ, ಒಂದೇ ಕೈಯಲ್ಲಿ.

ಅಪ್ಪ


೧೭ ಜುಲೈ

ಅಪ್ಪನಿಗೆ,

ಅಂಗಾಲು ಉಜ್ಜಿದೆ. ಮಗು ಮಲಗಿತು. ನಾನು ಮಲಗಲಿಲ್ಲ.

ನೀನು ಹೇಳದಿದ್ದರೇನು, ಕಲ್ಲು ಹೇಳಿತು. ಎರಡು ವಾರದ ಹಿಂದೆ ಭಾನುವಾರ ಮಗುವನ್ನು ಎದೆಗೆ ಕಟ್ಟಿಕೊಂಡು ಗಿರಣಿಯ ಹಿಂಭಾಗಕ್ಕೆ ಹೋಗಿದ್ದೆ. ಗೇಟು ಅವತ್ತೇ ಕಿತ್ತುಹೋಯಿತಂತೆ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದು ಹೆಣ ತೆಗೆದರಂತೆ. ಕಂಬಗಳು ಮಾತ್ರ ನಿಂತಿವೆ. ಎಡಗಡೆ ಕಂಬದಲ್ಲಿ ಕೀಲುಗಳ ಮುರಿದ ಮೋಟು ಮೂರೂ ಇವೆ, ಮೂರೂ ಒಳಮುಖದಲ್ಲಿ. ಅಂದರೆ ಗೇಟು ಒಳಕ್ಕೆ ತೆರೆಯುತ್ತಿತ್ತು. ಕಂಬದಿಂದ ಕಂಬಕ್ಕೆ ಎಂಟು ಅಡಿ. ನಮ್ಮ ಮಾದರಿಯಲ್ಲಿ ಐದು ಸೆಂಟಿಮೀಟರಿಗೆ ಒಂದು ಕೂದಲು ಕಡಿಮೆ. ಒಳಗಿನಿಂದ ನೂರು ಜನ ಒತ್ತುತ್ತಿರುವಾಗ ಒಳಕ್ಕೆ ತೆರೆಯುವ ಗೇಟನ್ನು ಯಾವ ಭೀಮ ಬಂದರೂ ತೆರೆಯಲಾರ. ಬೀಗ ಇದ್ದರೂ ಅಷ್ಟೇ, ಇರದಿದ್ದರೂ ಅಷ್ಟೇ. ಅಲ್ಲವೇ? ಅಷ್ಟಾದರೂ ಹೇಳು.

ಆ ವಾರ ಶನಿವಾರದ ಸಭೆಯಲ್ಲಿ ಕೀಲಿನ ವಿಷಯ ಹೇಳಿದೆ. ಬೀಗದ ವಿಷಯ ಎತ್ತಲಿಲ್ಲ. ಲೇತಣ್ಣ ಹೂಂ ಎಂದು ಹಿತ್ತಾಳೆಯ ತಗಡನ್ನು ಮೇಜಿನ ಮೇಲಿಟ್ಟರು. ಕಂಬಗಳನ್ನು ತಾವೇ ಅಳೆದು ಗೇಟನ್ನು ಆಗಲೇ ಸಿದ್ಧಮಾಡಿದ್ದರು, ರಿವೆಟ್ಟು ಮೊಳೆಗಳ ಸಮೇತ. ಸಾಸಿವೆಗಿಂತ ಸಣ್ಣವು, ಸಾಲುಸಾಲಾಗಿ.

"ರಿವೆಟ್ಟಿನ ಅಂತರಕ್ಕೆ ಸಾಕ್ಷಿ ಯಾರು?" ಮೇಷ್ಟ್ರು ಕೇಳಿದರು.

"ನನ್ನ ತಮ್ಮನ ಕೆನ್ನೆ."

ಅವರೇ ಹೇಳಿದರು, ಯಾರದೋ ಕಥೆ ಹೇಳುವ ಹಾಗೆ. "ಹತ್ತೊಂಬತ್ತು ವರ್ಷ ಅವನಿಗೆ. ಮೈ ಮೇಲೆ ಒಂದು ಸುಟ್ಟ ಗಾಯ ಇರ್ಲಿಲ್ಲ. ಬೆಂಕಿ ಅವನ ಹತ್ರಾನೂ ಬಂದಿಲ್ಲ. ಎದೆಮೂಳೆ ಎಲ್ಲ ಒಳಕ್ಕೆ ಹೋಗಿತ್ತು, ಬುಟ್ಟಿ ತುಳಿದ ಹಾಗೆ. ಎಡಗೆನ್ನೆ ಮೇಲೆ ನಾಲ್ಕು ರಿವೆಟ್ಟಿನ ಅಚ್ಚು. ಆಸ್ಪತ್ರೆಯ ನೆಲದ ಮೇಲೆ ಮಲಗಿಸಿದ್ರು. ನನ್ನ ಜೇಬಲ್ಲಿ ಸ್ಕೇಲ್ ಇತ್ತು. ಅಳೆದ್ಕೊಂಡೆ."

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಮೇಷ್ಟ್ರಿಗೆ ಬಾಯಿ ಕಡಿತ. ಇವರದೂ ಲೇತಣ್ಣನದೂ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಜೋಡಿ. "ಗೇಟನ್ನ ಅರ್ಧ ತೆರೆದ ಹಾಗೆ ಇಡೋಣ. ನೋಡೋಕೆ ಬರೋ ಮಕ್ಕಳಿಗೆ ಒಳಗಿನ ಅಂಗಳ ಕಾಣ್ಲಿ," ಎಂದರು. ಲೇತಣ್ಣ ಎದ್ದರು. ಮೇಷ್ಟ್ರ ಬಲಗೈಯನ್ನು ಹಿಡಿದು ಮೇಜಿನ ತುದಿಯಲ್ಲಿ ಲೋಹ ಬಿಗಿಹಿಡಿಯುವ ವೈಸಿನ ಬಾಯೊಳಗೆ ಇಟ್ಟರು, ಕಬ್ಬಿಣದ ತುಂಡು ಇಡುವಷ್ಟೇ ನಿಧಾನವಾಗಿ. ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದರು. ಮೇಷ್ಟ್ರು ಕೂಗಿಕೊಂಡರು. ಕಾಲು ಸುತ್ತು. ಕನ್ನಡಕ ಬಿದ್ದು ಒಡೆಯಿತು, ಒಣಗಿದ ಕಡ್ಡಿ ಮುರಿದ ಸದ್ದು ಬಂತು. ನಿನ್ನ ಅಳಿಯ ಮತ್ತು ವ್ಯಾನಿನ ಯಜಮಾನರು ಎಳೆದು ಹಾಕುವಷ್ಟರಲ್ಲಿ ಕಿರುಬೆರಳಿನ ಮೂಳೆ ಹೋಗಿತ್ತು.

"ತೆರೆದಿತ್ತು ಅಂತ ಯಾರು ಕಂಡಿದ್ದಾರೆ? ಕಾಣದೇ ಇರೋದನ್ನ ಮಾಡಬಾರದು," ಎಂದರು ಲೇತಣ್ಣ. ಏರುದನಿಯೂ ಇಲ್ಲ.

ಸಂಘ ಮುಚ್ಚಿಯೇ ಹೋಯಿತು ಎಂದುಕೊಂಡೆ. ಈ ಶನಿವಾರ ಮೇಷ್ಟ್ರು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಂದು, "ಎಲ್ಲಿಗೆ ಬಿಟ್ಟಿದ್ವಿ?" ಎಂದು ಕೂತರು. ಲೇತಣ್ಣ ಅವರಿಗೆ ಚಹಾ ಸೋಸಿ ಕೊಟ್ಟು, ಹೊಸ ಕನ್ನಡಕ ಮುಂದೆ ಇಟ್ಟರು. ಈ ಜನ ನನಗೆ ಅರ್ಥವಾಗುವುದಿಲ್ಲ. ಹೆದರಿಕೆಯೂ ಆಗುತ್ತದೆ, ಬಿಟ್ಟುಹೋಗಲೂ ಮನಸ್ಸಿಲ್ಲ.

ನಾನು ಕಣ್ಣು ಮುಚ್ಚಿದರೆ ಆ ಕೆನ್ನೆ ಬರುತ್ತದೆ ಅಪ್ಪ. ಗೇಟಿನ ಆಚೆ ನೀನು ನಿಂತಿದ್ದೆಯಾ? ಏನು ಮಾಡುತ್ತಿದ್ದೆ?

ಗುಬ್ಬಿ


೯ ಆಗಸ್ಟ್

ಮಗಳಿಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಬೀಗ ಹಾಕಿದ್ದು ನಾನೇ. ನೂಲು ಕದಿಯುತ್ತಾರೆ, ಪಾಳಿ ಮುಗಿಯುವವರೆಗೆ ಹಾಕು ಎಂದು ಮೇಲಿನವರು ಹೇಳಿದ್ದರು. ಹೊಗೆ ಕಂಡಾಗ ತೆಗೆಯಲು ಹೋದೆ. ಕೇಳದೆ ತೆಗೆದರೆ ಕೆಲಸ ಹೋಗುತ್ತದೆ ಎಂದು ಆಫೀಸಿಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ಓಡಿ ಬಂದು ತೆಗೆದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಒಂದೊಂದು ರಾತ್ರಿ ಒಂದೊಂದು ಉತ್ತರ ಬರುತ್ತದೆ.

ಬೀಗ ತೆಗೆದ ಮೇಲೆ ಎರಡೂ ಕೈಯಲ್ಲಿ ತಳ್ಳಿದೆ. ಹೆಗಲು ಕೊಟ್ಟು ತಳ್ಳಿದೆ. ಹಿಂದೆ ಸರೀರಿ, ಹಿಂದೆ ಸರೀರಿ ಎಂದು ಕೂಗಿದೆ. ಒಳಗಿನಿಂದ ಗೇಟು ನನ್ನ ಕಡೆಗೇ ಉಬ್ಬುತ್ತಿತ್ತು. ಆಮೇಲೆ ಉಬ್ಬುವುದು ನಿಂತಿತು.

ಅವತ್ತೇ ಹೇಳಿದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ನಾನೂ ಹೇಳುವುದು ಬಿಟ್ಟೆ. ನೀವೇ ನೂಕಿಕೊಂಡು ಸತ್ತಿರಿ ಎಂದು ಸತ್ತವರ ಮನೆಯವರಿಗೆ ಹೇಗೆ ಹೇಳುವುದು?

ಇದನ್ನು ಯಾರಿಗೂ ತೋರಿಸಬೇಡ. ಸುಟ್ಟುಬಿಡು.

ಅಪ್ಪ


೩೦ ಆಗಸ್ಟ್

ಅಪ್ಪನಿಗೆ,

ಸುಡಲಿಲ್ಲ. ಲಾಡ್ಜಿನ ಹೆಸರು ಅಚ್ಚಾದ ಲಕೋಟೆಯಲ್ಲೇ ಮೇಜಿನ ಡ್ರಾಯರಿನೊಳಗೆ ಇದೆ. ಎಷ್ಟು ಸಲ ಓದಿದೆನೋ, ಮಡಿಕೆ ಹರಿಯುತ್ತ ಬಂದಿದೆ.

ನಿನ್ನನ್ನು ಮಾಡಿದ್ದೇನೆ.

ಗೇಟಿನ ಒಳಗೆ ನಲವತ್ತು ಜನ ಸಿದ್ಧವಾಗಿದ್ದಾರೆ. ತಾಮ್ರದ ತಂತಿಯ ಮೂಳೆ, ಮೇಲೆ ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿಯ ಮಾಂಸ, ಒಬ್ಬೊಬ್ಬರು ಮೂರೂವರೆ ಸೆಂಟಿಮೀಟರ್. ಮೇಷ್ಟ್ರು ಪೊರೆಗಣ್ಣಿಗೆ ಮಸೂರ ಒತ್ತಿಕೊಂಡು, ಮುರಿದ ಬೆರಳಿನಲ್ಲೇ ಬಾಯಿಗಳನ್ನು ಕೊರೆದರು. ಎಲ್ಲ ಬಾಯಿಯೂ ತೆರೆದಿದೆ. "ನಲವತ್ತು ಜನ ಕಿರುಚ್ತಿದ್ರೂ ಈ ಮನೇಲಿ ಮಗುವಿನ ದನಿಯೇ ಮೇಲು," ಎಂದು ವ್ಯಾನಿನ ಯಜಮಾನರು ತಮಾಷೆ ಮಾಡಿದರು. ಯಾರಿಗೂ ನಗು ಬರಲಿಲ್ಲ, ಅವರಿಗೂ.

ಗೇಟಿನ ಹೊರಗೆ ಕಾವಲುಗಾರ ಬೇಕಿತ್ತು. "ಅವನನ್ನ ನಾನು ಮಾಡಲ್ಲ. ಮಾಡಿದ್ರೆ ಕತ್ತು ತಿರುಚಿ ಮಾಡ್ತೀನಿ," ಎಂದರು ಲೇತಣ್ಣ. ನಾನು ಮಾಡುತ್ತೇನೆ ಎಂದೆ. ನಾಲ್ಕು ರಾತ್ರಿ, ಒಂದು ಕೈ ತೊಟ್ಟಿಲಿನ ಮೇಲೆ, ಒಂದು ಕೈ ನಿನ್ನ ಮೇಲೆ. ನಿನ್ನ ಗೂನು ಹೆಗಲು, ಮುಂದೆ ಚಾಚಿದ ಗದ್ದ. ಬಲಗೈಯಲ್ಲಿ ಬೀಗದ ಕೈ. ಎಡಗೈ ಮಣಿಕಟ್ಟಿನಿಂದ ಹೊರಕ್ಕೆ ಸೊಟ್ಟ, ಮೂರು ಬೆರಳು ಒಳಕ್ಕೆ ಮಡಚಿಕೊಂಡಿರುವ ಹಾಗೆ. ಆ ಕೈಯನ್ನು ಕಣ್ಣು ಕಟ್ಟಿದರೂ ಮಾಡಬಲ್ಲೆ. ನಾನು ಎಳೆಯವಳಾಗಿದ್ದಾಗ ಸೈಕಲ್ಲಿನಿಂದ ಬಿದ್ದು ಮುರಿದ ಕೈ. ಏಳು ವರ್ಷದಿಂದ ಮದುವೆಯಾಗುವವರೆಗೆ ನಿನ್ನ ಅಂಗಿಯ ಗುಂಡಿ ಹಾಕಿದವಳು ನಾನೇ ತಾನೆ. ಇಷ್ಟು ನಿಜವಾದ ಗೊಂಬೆ ಇಡೀ ಮಾದರಿಯಲ್ಲಿ ಇನ್ನೊಂದಿಲ್ಲ ಎಂದು ಜಂಬವೂ ಬಂತು.

ಶನಿವಾರ ಪಿನ್ನಿಗೆ ಚುಚ್ಚಿ ನಿಲ್ಲಿಸಿದೆ. ಸೈ ಎನ್ನಲು ಇಬ್ಬರು ಬೇಕು. ಮೇಷ್ಟ್ರು ಸೈ ಎಂದರು. ಲೇತಣ್ಣ ಮಸೂರ ಹಿಡಿದು ನೋಡಿದರು. ಚಹಾ ಆರಿ ಕೆನೆ ಕಟ್ಟುವಷ್ಟು ಹೊತ್ತು ನೋಡಿದರು.

"ಇದು ಯಾರು ಹೇಳಿದ್ದು ನಿಂಗೆ?"

"ಊಹೆ," ಎಂದೆ. ಈ ಕೋಣೆಯಲ್ಲಿ ಆಡಬಾರದ ಮಾತು. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಮಸೂರವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು. ಅವತ್ತಿನಿಂದ ಜಾವದ ಸುತ್ತಿಗೆ ಸದ್ದು ಇಲ್ಲ. ಹಾಗಿದ್ದೂ ನನಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ಸದ್ದು ಬರಲಿಲ್ಲವಲ್ಲ ಎಂದು.

ಏನು ತಪ್ಪು ಮಾಡಿದೆ ನಾನು? ನಿನಗೆ ಗೊತ್ತಾದರೆ ಬರೆ. ಬೇಗ ಬರೆ.

ಗುಬ್ಬಿ


೧೮ ಸೆಪ್ಟೆಂಬರ್, ರಾತ್ರಿ ಹತ್ತೂ ಇಪ್ಪತ್ತು

ಅಪ್ಪ,

ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ಕೊಟ್ಟವರು ನಮ್ಮ ಸಂಘದ ವ್ಯಾನಿನ ಯಜಮಾನರು. ನಿಮ್ಮ ಊರಿಗೆ ಪೇಪರ್ ಕಟ್ಟು ಇಳಿಸಲು ಜಾವದ ಮೂರು ಗಂಟೆಗೆ ಬರುತ್ತಾರೆ. "ಬಾಯಲ್ಲಿ ಹೇಳಿದ್ರೆ ನಿಮ್ಮಪ್ಪ ನನ್ನ ನಂಬಲ್ಲ, ಬರೆದು ಕೊಡಮ್ಮ" ಎಂದರು. ನಂಬು. ನಿಂತಲ್ಲೇ ಓದು, ಕುರ್ಚಿಯಲ್ಲಿ ಕೂರಬೇಡ.

ಲೇತಣ್ಣ ಏಳೂ ಮುಕ್ಕಾಲರ ಪ್ಯಾಸೆಂಜರ್ ಹತ್ತಿದ್ದಾರೆ. ಅದು ನಿಮ್ಮ ನಿಲ್ದಾಣಕ್ಕೆ ಬರುವುದು ಬೆಳಿಗ್ಗೆ ಐದಕ್ಕೆ. ನಿನ್ನನ್ನು ನೋಡಲು ಬರುತ್ತಿದ್ದಾರೆ.

ನಾಳೆ ಗ್ರಂಥಾಲಯಕ್ಕೆ ಸಾಗಿಸುವುದಿತ್ತು. ಸಂಜೆ ಆರೂವರೆಗೆ ನಾನು, ನಿನ್ನ ಅಳಿಯ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದೆವು. ಮಗು ನನ್ನ ಕಂಕುಳಲ್ಲಿತ್ತು. ಲೇತಣ್ಣ ಬಂದರು. ಕೈಯಲ್ಲಿ ಒಂದು ಗಜ ಉದ್ದದ ಕಬ್ಬಿಣದ ಸರಳು. ಬಾಗಿಲು ಹಾಕಿ ಅಗುಳಿ ಸರಿಸಿದರು.

"ಮೂರು ವಾರ ಯೋಚನೆ ಮಾಡಿದೆ ತಂಗಿ. ಆ ಕೈ ಯಾರನ್ನ ನೋಡಿ ಮಾಡಿದ್ದು?"

ನಾನು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದೆ.

"ಬೆಂಕಿ ಬಿದ್ದ ಹೊತ್ತಿಗೆ ಆ ಕಾವಲುಗಾರನ ಎರಡೂ ಕೈ ನೆಟ್ಟಗಿತ್ತು. ಎಡಗೈ ಮುರಿದದ್ದು ಅವತ್ತು ಸಂಜೆ. ಅವನ ಮನೆ ಮುಂದಿನ ಬಾವಿಕಟ್ಟೆ ಮೇಲೆ ಇಟ್ಟು ಮುರಿದವನು ನಾನು. ಸ್ಪ್ಯಾನರಲ್ಲಿ, ಮೂರು ಏಟು. ಬಲಗೈನೂ ಮುರೀತಿದ್ದೆ, ಜನ ಬಿಡಿಸಿದ್ರು. ರಾತ್ರಿಯೇ ಊರು ಬಿಟ್ಟ, ಆಮೇಲೆ ಈ ಊರಲ್ಲಿ ಅವನನ್ನ ಕಂಡವರಿಲ್ಲ. ಹಾಗಾದ್ರೆ ಸೊಟ್ಟ ಕೈ ನೋಡಿದವರು ಯಾರು? ಬಾಗಿಲ ಹಿಂದೆ ಒಂದು ಪುಟ್ಟ ಮಗು ನಿಂತಿತ್ತು."

ಅಪ್ಪ, ಸೈಕಲ್ಲು ಎಂದೆಯಲ್ಲ. ಎರಡೂ ಕೈಯಲ್ಲಿ ತಳ್ಳಿದೆ ಎಂದು ನೀನೇ ಬರೆದಿದ್ದೆ. ಮಡಿಕೆ ಹರಿಯುವಷ್ಟು ಓದಿಯೂ ನನಗೆ ಹೊಳೆಯಲಿಲ್ಲ. ಆ ಬಾಗಿಲ ಹಿಂದೆ ನಾನು ಏನು ನೋಡಿದೆನೋ ನೆನಪಿಲ್ಲ. ಆದರೆ ಲೋಹ ಬಡಿಯುವ ಸದ್ದಿಗೆ ಎದೆ ಹಿಡಿದುಕೊಂಡು ಏಳುವುದು ಯಾಕೆಂದು ಈಗ ಗೊತ್ತಾಯಿತು.

"ಹೌದು, ನಾನೇ," ಎಂದೆ.

ಅವರು ನನ್ನನ್ನು ಹೊಡೆಯಲಿಲ್ಲ. ಸರಳನ್ನು ಎತ್ತಿ ಗಿರಣಿಯ ಮೇಲೆ ಬಿಟ್ಟರು. ಚಿಮಣಿ, ಹೊಸ ಟ್ಯಾಂಕು, ನೂರಿಪ್ಪತ್ತು ಕಿಟಕಿಗಳ ಗೋಡೆ. ನಾಲ್ಕು ತಿಂಗಳು ಐದು ಜನ ಕಣ್ಣು ಬಸಿದು ಮಾಡಿದ್ದು ನಾಲ್ಕು ಏಟಿಗೆ ಪುಡಿಯಾಯಿತು. ಗಾಜಿನ ಪೆಟ್ಟಿಗೆ ಸಿಡಿದು ಮಗುವಿನ ಕೂದಲಲ್ಲೆಲ್ಲ ಚೂರು. ನಿನ್ನ ಅಳಿಯ ಅಡ್ಡ ಹೋದರು. ಸರಳು ಅವರ ಹೆಗಲ ಮೂಳೆಯ ಮೇಲೆ ಬಿತ್ತು. ಬಿದ್ದವರ ತಲೆ ವೈಸಿನ ಅಂಚಿಗೆ ಬಡಿಯಿತು. ಅಷ್ಟೊಂದು ರಕ್ತ ನಾನು ಹೆರಿಗೆಯಲ್ಲೂ ನೋಡಿರಲಿಲ್ಲ. ಮಗು ನೀಲಿಗಟ್ಟುವ ಹಾಗೆ ಕಿರುಚುತ್ತಿತ್ತು. ಲೇತಣ್ಣ ನಮ್ಮ ಕಡೆ ತಿರುಗಿದರು. ಸರಳು ಮೇಲಿತ್ತು.

ಎಲ್ಲಿಂದ ದನಿ ಬಂತೋ ನನಗೆ. ಹಿಂಭಾಗದ ಅಂಗಳ ಮಾತ್ರ ಮುರಿದಿರಲಿಲ್ಲ. ಅಲ್ಲಿ ಅವರ ಕೈಯದೇ ಗೇಟು ಇತ್ತಲ್ಲ, ಅದನ್ನು ಒಡೆಯಲು ಅವರಿಗೂ ಕೈ ಬಂದಿರಲಿಲ್ಲ.

"ತಳ್ಳಿ ನೋಡಿ," ಎಂದೆ. "ಬೀಗ ಇಲ್ಲ. ನೀವೇ ಮಾಡಿದ ಕೀಲು. ಹೊರಗಿಂದ ಒಂದು ಬೆರಳಲ್ಲಿ ತಳ್ಳಿ. ನಮ್ಮಪ್ಪ ಬೀಗ ತೆಗೆದಿದ್ರು. ತಡವಾಗಿ ತೆಗೆದ್ರು, ಆದ್ರೆ ತೆಗೆದಿದ್ರು."

ಯಾಕೋ ಬಗ್ಗಿದರು. ತೋರುಬೆರಳಿನಿಂದ ಗೇಟನ್ನು ಒತ್ತಿದರು. ಒ‌ಳಗೆ ನಲವತ್ತು ಜನ ಹಿತ್ತಾಳೆಗೆ ಮುಖ ಕೊಟ್ಟು ಒತ್ತಿಕೊಂಡು ನಿಂತಿದ್ದಾರೆ. ಗೇಟು ಅಲುಗಲಿಲ್ಲ. ಇನ್ನೂ ಒತ್ತಿದರು. ಮುಂದಿನ ಸಾಲಿನ ತಾಮ್ರದ ಕಾಲುಗಳು ಮಡಚಿದವು, ಒಬ್ಬನ ತಲೆ ಕಳಚಿ ಉರುಳಿತು, ಎದೆಗಳ ಪುಟ್ಟಿ ಪುಡಿಯಾಗಿ ಉದುರಿತು. ಗೇಟು ಒಂದು ಕೂದಲಿನಷ್ಟೂ ತೆರೆಯಲಿಲ್ಲ. ಲೇತಣ್ಣ ಬೆರಳನ್ನು ಕೆಂಡದಿಂದ ಎಳೆದುಕೊಂಡ ಹಾಗೆ ಎಳೆದುಕೊಂಡರು. ಉರುಳಿದ ಆ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇದು ಪುಟ್ಟಿ," ಎಂದರು ಕೊನೆಗೆ. "ಪುಟ್ಟಿ ಮಾಡಿದವರ ಮಾತು ಕೇಳ್ತದೆ. ಮುಟ್ಟಿದವನು ಹೇಳ್ಬೇಕು."

"ಹೇಳಿದ್ದಾರೆ, ಕಾಗದ ಡ್ರಾಯರಲ್ಲಿದೆ," ಎಂದುಬಿಟ್ಟೆ. ಡ್ರಾಯರ್ ಎಳೆದು ನಿನ್ನ ಲಕೋಟೆ ತೆಗೆದುಕೊಂಡರು. ಗೇಟನ್ನು ಕೀಲಿನಿಂದ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಅಗುಳಿ ಸರಿಸಿ ಹೊರಟರು. ನಿಮ್ಮ ಊರಿಗೆ ಟಿಕೆಟ್ ಕೊಳ್ಳುವುದನ್ನು ವ್ಯಾನಿನ ಯಜಮಾನರು ನಿಲ್ದಾಣದಲ್ಲಿ ನೋಡಿದ್ದಾರೆ.

ನಿನ್ನ ಅಳಿಯ ಆಸ್ಪತ್ರೆಯಲ್ಲಿದ್ದಾರೆ, ತಲೆಗೆ ಒಂಬತ್ತು ಹೊಲಿಗೆ. ಮಾತಾಡುತ್ತಿದ್ದಾರೆ. ಮೇಷ್ಟ್ರು ಪಕ್ಕದಲ್ಲಿ ಕೂತಿದ್ದಾರೆ. ಠಾಣೆಯಲ್ಲಿ "ಗೊಂಬೆ ಒಡೆದ್ರು ಅಂತ ಕಂಪ್ಲೇಂಟಾ?" ಎಂದು ನಕ್ಕರು, ಹೊಲಿಗೆಯ ವಿಷಯ ಹೇಳಿದ ಮೇಲೆ ಬರೆದುಕೊಂಡು, ಬೆಳಿಗ್ಗೆ ನೋಡೋಣ ಎಂದರು. ನಿನ್ನ ಫೋನಿಗೆ ಹದಿನೇಳು ಸಲ ಮಾಡಿದೆ. ಕಾವಲಿಗೆ ಕೂತಾಗ ಆಫ್ ಮಾಡುವವನು ನೀನು, ಗೊತ್ತಿದ್ದೂ ಮಾಡಿದೆ. ಲಾಡ್ಜಿನ ಆಫೀಸಿನಲ್ಲಿ ಯಾರೂ ಎತ್ತುತ್ತಿಲ್ಲ.

ಒಂದು ಸಂಗತಿ ನನ್ನನ್ನು ಕೊಲ್ಲುತ್ತಿದೆ. ಆ ಸರಳು ಕೋಣೆಯಲ್ಲಿ ಇಲ್ಲ. ಹೋಗುವಾಗ ಅವರ ಕೈಯಲ್ಲಿತ್ತೋ ಇಲ್ಲವೋ ನಾನು ನೋಡಲಿಲ್ಲ. ನಿನ್ನ ಅಳಿಯನ ತಲೆಗೆ ಬಟ್ಟೆ ಒತ್ತಿ ಹಿಡಿದಿದ್ದೆ. ಮೇಜಿನ ಕೆಳಗೆ, ಮೆಟ್ಟಿಲಿನಲ್ಲಿ, ಟಾರ್ಚ್ ಹಿಡಿದು ಬೀದಿಯ ಚರಂಡಿಯವರೆಗೂ ಹುಡುಕಿದೆ. ಎಲ್ಲೂ ಎಸೆದಿಲ್ಲ. ಇಲ್ಲ, ಎಸೆದಿದ್ದಾರೆ, ನನಗೆ ಕಂಡಿಲ್ಲ. ಕೇಳಲು ಬರುತ್ತಿದ್ದಾರೋ, ಕೊಲ್ಲಲು ಬರುತ್ತಿದ್ದಾರೋ, ಅವರಿಗೇ ಗೊತ್ತಿದೆಯೋ ಇಲ್ಲವೋ.

ನೀನು ಓಡುವುದಿಲ್ಲ ಎಂದು ಗೊತ್ತು. ಒಂದು ಸಲ ಓಡಿದ್ದಕ್ಕೆ ಇಪ್ಪತ್ತೆರಡು ವರ್ಷ ಲೆಕ್ಕ ಹಾಕುತ್ತ ಕೂತವನು. ಆದರೂ ಕೇಳುತ್ತೇನೆ, ವ್ಯಾನಿನವರ ಜೊತೆ ಹತ್ತಿಬಿಡು. ಅವರು ಜಾಗ ಬಿಟ್ಟಿಟ್ಟಿದ್ದಾರೆ. ಹತ್ತದಿದ್ದರೆ ನಿಲ್ದಾಣದ ಪೊಲೀಸಿನವರ ದೀಪದ ಕೆಳಗೆ ಹೋಗಿ ನಿಲ್ಲು, ಕತ್ತಲಲ್ಲಿ ಬೇಡ. ಅವರು ಬಂದರೆ ದೂರದಿಂದಲೇ ಕೈ ನೋಡು. ಹಿತ್ತಾಳೆಯ ಗೇಟು ಚಾಚಿದರೆ ನನಗೆ ಬರೆದದ್ದನ್ನೆಲ್ಲ ಹೇಳು, ಆಫೀಸಿಗೆ ಓಡಿದ್ದನ್ನೂ ಬಿಡದೆ ಹೇಳು. ಬೇರೆ ಏನಾದರೂ ಕಂಡರೆ ಕೂಗು, ಊರು ಏಳುವ ಹಾಗೆ ಕೂಗು.

ಮಗು ಇವತ್ತು ತಾನಾಗಿಯೇ ಮಲಗಿದೆ. ಅದರ ಕೂದಲಿನಿಂದ ಗಾಜಿನ ಚೂರು ಒಂದೊಂದಾಗಿ ಆರಿಸುತ್ತ ಫೋನಿನ ಪಕ್ಕ ಕೂತಿರುತ್ತೇನೆ. ಫೋನ್ ಮಾಡಬೇಡ, ಬರಿ ಎಂದು ನೀನೇ ಹೇಳಿದ್ದೆ. ಬರೆದು ಬರೆದು ನಿನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದೆ. ಇನ್ನು ಬರೆಯುವುದಿಲ್ಲ. ಇದನ್ನು ಓದಿದ ಕೂಡಲೇ ಫೋನ್ ಆನ್ ಮಾಡಿಕೋ. ನಾನು ಅಳುವುದಿಲ್ಲ ಅಪ್ಪ, ನೀನು ಬೇಕಾದರೆ ಕಿರುಚು. ಐದು ಗಂಟೆಗೆ ಮುಂಚೆ ಒಂದು ಸಲ, ಐದಾದ ಮೇಲೆ ಒಂದು ಸಲ. ಎರಡು ಆಗದಿದ್ದರೆ ಆ ಎರಡನೆಯದನ್ನಾದರೂ ಮಾಡು. ಬೆಳಕು ಹರಿಯುವ ಮೊದಲು ನನಗೆ ಫೋನ್ ಮಾಡು.

ಗುಬ್ಬಿ